ಕುತ್ತಿಗೆ ಸರಿಯಿಲ್ಲ

"ಇಣುಕಬಾರದು ಅಣ್ಣ. ಕಣ್ಣು ಮುಚ್ಕೊಳ್ಳಿ," ಎಂದು ಹಲ್ಲಿನ ಡಾಕ್ಟರು ಚಿತ್ರಕ್ಕೆ ಹೊದಿಸಿದ್ದ ಹಳೇ ಬೆಡ್‌ಶೀಟಿನ ತುದಿ ಹಿಡಿದು ನಿಂತರು.

ಚಿತ್ರಗಾರ ಕಣ್ಣು ಮುಚ್ಚಲಿಲ್ಲ. ಡಾಕ್ಟರು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕ್ಲಿನಿಕ್ಕನ್ನು ಮಗಳ ಕೈಗೆ ಒಪ್ಪಿಸಿದ ಮೇಲೆ ಈ ಮನುಷ್ಯನಿಗೆ ಚಿತ್ರದ ಹುಚ್ಚು ಹಿಡಿದಿತ್ತು. ಭಾನುವಾರ ಊಟಕ್ಕೆ ಕರೆದರೆಂದರೆ ಊಟದ ಮೇಲೆ ಒಂದು ಚಿತ್ರ ನೋಡಬೇಕು ಎಂದೇ ಅರ್ಥ. ಇದುವರೆಗೆ ಒಂದು ಹಡಗು, ಸಾಲಾಗಿ ಸೂರ್ಯಾಸ್ತಗಳು, ನಾಯಿಯಂತಿದ್ದ ಒಂದು ಕುದುರೆ ಆಗಿದ್ದವು. 'ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ' ಎಂದು ದಾರಿಯಲ್ಲಿ ಹೆಂಡತಿಯ ಹತ್ತಿರ ನಗುತ್ತಿದ್ದನೇ ಹೊರತು, ಡಾಕ್ಟರ ಎದುರಿಗೆ ಎಲ್ಲವನ್ನೂ ಬಾಯ್ತುಂಬ ಹೊಗಳಿದ್ದ. ತನಗಿಂತ ಕೆಳಗಿರುವವರನ್ನು ಹೊಗಳುವುದರಲ್ಲಿ ಅವನಷ್ಟು ಧಾರಾಳಿ ಇನ್ನೊಬ್ಬನಿರಲಿಲ್ಲ.

ಬೆಡ್‌ಶೀಟು ಜಾರಿತು.

ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿರುವ ಹೆಂಗಸು. ಸ್ಟೂಲಿನ ಒಂದು ಕಾಲು ನೆಲವನ್ನೇ ಮುಟ್ಟಿರಲಿಲ್ಲ. ಬೆರಳುಗಳು ಬೆಂಡೆಕಾಯಿಯ ಹಾಗಿದ್ದವು. ಹೊಗಳುವುದಕ್ಕೆ ಅವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ಕಣ್ಣು ಕುತ್ತಿಗೆಯ ಮೇಲೆ ಬಿತ್ತು, ಬಾಯಿ ಹಾಗೇ ನಿಂತಿತು.

ಅದು ಅವನ ಹೆಂಡತಿಯ ಕುತ್ತಿಗೆ. ತಮಾಷೆ ಹೇಳುವಾಗ ಮಾತು ಮುಗಿಯುವ ಮೊದಲೇ ಅವಳಿಗೇ ನಗು ಬಂದುಬಿಡುತ್ತದೆ. ಅದನ್ನು ತಡೆಯುವುದಕ್ಕೆ ಗಲ್ಲವನ್ನು ಎಡಭುಜಕ್ಕೆ ಒತ್ತಿಕೊಳ್ಳುತ್ತಾಳೆ, ಆಗ ಕಿವಿಯ ಕೆಳಗೆ ಒಂದು ನರ ಬಿಗಿಯಾಗುತ್ತದೆ. ಡಾಕ್ಟರು ಬ್ರಶ್ಶಿನಿಂದ ಒರಟಾಗಿ ಎಳೆದದ್ದು ನಾಲ್ಕೇ ಗೀಟು. ತಾವು ಏನು ಮಾಡಿದ್ದೇವೆಂದು ಅವರಿಗೆ ಗೊತ್ತೂ ಇರಲಾರದು. ಆದರೆ ಚಿತ್ರದ ಹೆಂಗಸು ಇನ್ನೇನು ನಗುವವಳಿದ್ದಳು.

ಚಿತ್ರಗಾರನ ಹೊಟ್ಟೆಗೆ ಬೆಂಕಿ ಬಿತ್ತು.

"ಅಯ್ಯೋ, ನಾನು!" ತಂಗಿಯ ಜೊತೆ ಒಳಗೆ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಹೋದ ಸಲ ಬಂದಾಗ ಬಟಾಣಿ ಬಿಡಿಸ್ತಿದ್ದೆನಲ್ಲ, ಆವಾಗ ಬರೆದ್ರಾ? ನಂಗೆ ಗೊತ್ತೇ ಆಗ್ಲಿಲ್ಲ!"

"ನೀವು ಮಾತಾಡ್ತಾ ಇದ್ರಿ ಅತ್ತಿಗೆ, ನಾನು ಗೀಚ್ತಾ ಇದ್ದೆ. ಚೆನ್ನಾಗಿ ಒಣಗ್ಲಿ ಅಂತ ಇಷ್ಟು ದಿನ ಮುಚ್ಚಿಟ್ಟಿದ್ದೆ. ಇದು ನಿಮಗೇ."

ಅವಳು ಹತ್ತಿರ ಹೋಗಿ ನೋಡಿದಳು, ದೂರ ಬಂದು ನೋಡಿದಳು. "ರೀ," ಎಂದಳು, "ಇದನ್ನ ನಮ್ಮ ಹಾಲ್‌ನಲ್ಲಿ ಹಾಕೋಣ."

ಆ ಮಾತು ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮದುವೆಯಾದಾಗಿನಿಂದ ಅವಳನ್ನು ಅವನು ಬರೆಯುತ್ತಲೇ ಬಂದಿದ್ದ. ಒಂದೂ ಹಾಲಿಗೆ ಬಂದಿರಲಿಲ್ಲ. 'ನನ್ನ ಮುಖ ನಾನೇ ನೋಡ್ಕೊಂಡು ಕೂರ್ಲಾ?' ಎಂದು ಅವಳು ನಕ್ಕು ಕ್ಯಾಲೆಂಡರ್ ತೂಗುಹಾಕಿದ್ದಳು. ಅವನೂ ಅದು ಅವಳ ಸಂಕೋಚ ಎಂದೇ ನಂಬಿದ್ದ. ಚಿತ್ರಗಳೆಲ್ಲ ಅವನ ಕೆಲಸದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದವು. ಅವಳನ್ನು ಕಿಟಕಿಯ ಪಕ್ಕ ಕೂರಿಸುವನು, ಬೆಳಕು ಸರಿಯಾಗುವವರೆಗೆ ಕಾಯುವನು, 'ಅಲ್ಲಾಡಬೇಡ' ಎನ್ನುವನು. ಬೆಳಗ್ಗೆ ಬರೆದ ಮುಖವನ್ನು ಸಂಜೆ ಚಾಕುವಿನಿಂದ ಕೆರೆದುಹಾಕುವನು. ನೋಡುವುದೇ ನಿಜವಾದ ಕೆಲಸ, ಬಣ್ಣ ಬಳಿಯುವುದು ಬರೀ ಕೂಲಿ ಎಂಬುದು ಅವನ ನಂಬಿಕೆ. ಚಿತ್ರ ಯಾವಾಗ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ, 'ಅದು ಮುಗಿಯಲ್ಲ, ನಾವು ಮುಗೀತೀವಿ' ಎಂದು ಗಂಭೀರವಾಗಿ ಹೇಳುವನು. ಇಲ್ಲಿ ನೋಡಿದರೆ ಬಟಾಣಿ ಬಿಡಿಸಿ ಮುಗಿಯುವಷ್ಟರಲ್ಲಿ ಒಬ್ಬ ಹಲ್ಲು ಕೀಳುವವನು ಮುಗಿಸಿ ಕೂತಿದ್ದ.

"ಎಲ್ಲಿ ತಪ್ಪಿದೆ ಹೇಳಿ ಅಣ್ಣ. ಮುಲಾಜು ಬೇಡ," ಎಂದರು ಡಾಕ್ಟರು.

ಸ್ಟೂಲಿನ ಕಾಲು ಎನ್ನಬಹುದಿತ್ತು. ಬೆರಳು ಎನ್ನಬಹುದಿತ್ತು.

"ಕುತ್ತಿಗೆ ಸರಿಯಿಲ್ಲ," ಎಂದ ಅವನು.

"ಹೌದಾ?" ಡಾಕ್ಟರು ಕನ್ನಡಕ ಏರಿಸಿಕೊಂಡು ಬಗ್ಗಿದರು. "ನಂಗೂ ಅಲ್ಲೇ ಏನೋ ಅನುಮಾನ ಇತ್ತು ನೋಡಿ. ನೀವೇ ಒಂದು ಕೈ ನೋಡಿಬಿಡಿ. ನಿಮ್ಮ ಕೈ ತಾಗಿದ್ರೆ ಚಿತ್ರಕ್ಕೂ ಒಂದು ಬೆಲೆ."

ಅವರೇ ಬ್ರಶ್ಶು ಆರಿಸಿ ಕೊಟ್ಟರು, ಟ್ಯೂಬುಗಳ ಮುಚ್ಚಳ ತೆಗೆದಿಟ್ಟರು. ಚಿತ್ರಗಾರ ಕಂದು ಬಣ್ಣಕ್ಕೆ ಒಂದಿಷ್ಟು ಕೆಂಪು ಕಲೆಸಿದ, ನೆರಳಿಗೆಂದು ಹಸಿರಿನ ಒಂದು ಚುಕ್ಕೆ ಸೇರಿಸಿದ. ಬಗ್ಗಿದ್ದ ಗಲ್ಲವನ್ನು ಎತ್ತಿದ. ನರವನ್ನು ಮುಚ್ಚಿದ. ದವಡೆಯ ಕೆಳಗೆ ನೆರಳು ತಿರುಗುವ ಜಾಗದಲ್ಲಿ ಬ್ರಶ್ಶನ್ನು ಒತ್ತದೆ, ಬರೀ ತಾಗಿಸಿ ಎಳೆದ. ಆ ಎಳೆತ ಎಷ್ಟು ನಯವಾಗಿತ್ತೆಂದರೆ ಅವನಿಗೇ ಖುಷಿಯಾಯಿತು. ಯಾರು ಬೇಕಾದರೂ ಬಂದು ನೋಡಲಿ, ಅದು ತಪ್ಪಿಲ್ಲದ ಕುತ್ತಿಗೆ.

"ಆಹಾ! ಕಸುಬು ಅಂದ್ರೆ ಇದು," ಎಂದು ಡಾಕ್ಟರು ಕೈತಟ್ಟಿದರು. "ನನ್ನದು ಡೊಂಕಾಗಿತ್ತು, ಈಗ ತಿಳೀತು."

"ಅಕ್ಕ, ಎಷ್ಟು ಚೆಂದ ಕಾಣ್ತಿದ್ದೀಯ!" ಎಂದಳು ತಂಗಿ.

ಹೆಂಡತಿ ಮತ್ತೆ ಹತ್ತಿರ ಹೋಗಿ ನೋಡಿದಳು. ಆಮೇಲೆ, "ಹ್ಞೂಂ. ಈಗ ಥೇಟ್ ನಿನ್ನ ಭಾವನ ಚಿತ್ರದ ಹಾಗೇ ಆಯ್ತು," ಎಂದು ತಂಗಿಗೆ ಹೇಳಿ ಚೀಲ ಎತ್ತಿಕೊಂಡಳು. ಹಸಿ ಇದೆ, ಒಣಗಿದ ಮೇಲೆ ಒಯ್ದರಾಯಿತು ಎಂದು ಚಿತ್ರವನ್ನು ಅಲ್ಲೇ ಬಿಟ್ಟು ಹೊರಟರು.

ತಂಗಿಯ ಮನೆಯಿಂದ ಬರುವಾಗ ಅವಳ ಬಾಯಿಗೆ ಬಿಡುವೇ ಇರುವುದಿಲ್ಲ. ಪರದೆ ಬದಲಾಯಿಸಿದ್ದು, ತಂಗಿಗೆ ಸೊಸೆಯಾಗಲಿರುವ ಹುಡುಗಿ ಫೋನ್ ಎತ್ತದಿದ್ದದ್ದು, ಎಲ್ಲ ಬಸ್‌ಸ್ಟಾಪಿನೊಳಗೆ ಮುಗಿಯಬೇಕು. ಇವತ್ತು ಅವಳು ಬೆಂಚಿನ ಮೇಲೆ ಕೂತು ಎದುರಿನ ಮುಚ್ಚಿದ ಅಂಗಡಿಯನ್ನೇ ನೋಡುತ್ತಿದ್ದಳು.

"ಯಾಕೆ ಸುಮ್ಮನಿದ್ದೀಯ?"

"ಒಂದು ಕೇಳ್ತೀನಿ, ಸುಳ್ಳು ಹೇಳಬೇಡಿ. ಆ ಕುತ್ತಿಗೆ ನಿಜವಾಗ್ಲೂ ಕೆಟ್ಟಿತ್ತಾ?"

"ಮೂಳೆಯ ಲೆಕ್ಕದಲ್ಲಿ ನೋಡಿದ್ರೆ..."

"ಮೂಳೆ ಮನೆ ಹಾಳಾಗ್ಲಿ. ಕೆಟ್ಟಿತ್ತಾ?"

ತಿರುವಿನಲ್ಲಿ ಬಸ್ಸು ಕಾಣಿಸಿಕೊಂಡಿತು. ಅದು ಬೇಗ ಬಂದುಬಿಡಲಿ ಎಂದು ಅವನು ಆಸೆಪಟ್ಟ. ಸಿಗ್ನಲ್ಲಿನಲ್ಲಿ ಅದು ನಿಂತೇಬಿಟ್ಟಿತು.

"ಚೆನ್ನಾಗಿತ್ತು," ಎಂದ ಕೊನೆಗೆ. "ಇಷ್ಟು ವರ್ಷ ನಾನು ಹುಡುಕಿದ್ದು ಅದನ್ನೇ. ಅವರಿಗೆ ಸುಮ್ಮಸುಮ್ಮನೆ ಸಿಕ್ಕಿಬಿಡ್ತು. ಅದರ ಮೇಲೆ ನೀನು ಹಾಲ್‌ನಲ್ಲಿ ಹಾಕೋಣ ಅಂದೆ. ಹೊಟ್ಟೆ ಉರೀತು ಕಣೇ."

ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ.

"ಅದು ಒಣಗೋಕೆ ಎಷ್ಟು ಹೊತ್ತು ಬೇಕು?"

"ಎಣ್ಣೆ ಬಣ್ಣ. ನಾಳೆವರೆಗೂ ಹಸಿ ಇರುತ್ತೆ."

"ಕೆಳಗಿರೋದು?"

"ಅದು ಪೂರ್ತಿ ಒಣಗಿದೆ. ನಾನು ಹಚ್ಚಿದ್ದನ್ನ ಒರೆಸಿದ್ರೆ..." ಎಂದವನು ಮಾತು ಅಲ್ಲಿಗೇ ನಿಲ್ಲಿಸಿದ. ಅವಳು ಆಗಲೇ ಎದ್ದಿದ್ದಳು.

"ಹಾಗಾದ್ರೆ ನಡೀರಿ."

"ಏನಂತ ಹೇಳ್ಲಿ ಅವರಿಗೆ?"

"ಅದು ನಿಮಗೆ ಬಿಟ್ಟದ್ದು. ಬಾಗಿಲು ಮಾತ್ರ ನಾನು ತಟ್ತೀನಿ."

ಬಸ್ಸು ಬಂದು ನಿಂತು, ಇವರನ್ನು ನೋಡಿ, ಹೊರಟುಹೋಯಿತು.

ಮೆಟ್ಟಿಲು ಹತ್ತುವಾಗ ಅವನಿಗೆ ನೆಪಗಳು ಹೊಳೆಯುತ್ತಲೇ ಇದ್ದವು. ಸಂಜೆಯ ಬೆಳಕಿನಲ್ಲಿ ಬಣ್ಣ ಹೊಂದುವುದಿಲ್ಲ ಎನ್ನಬಹುದು. ಬೇರೆ ರೀತಿ ಮಾಡಿ ನೋಡೋಣ ಎನ್ನಬಹುದು, ಡಾಕ್ಟರು ಅದನ್ನೂ ನಂಬುತ್ತಾರೆ, ಮೇಲೆ ಟೀ ಕೊಡುತ್ತಾರೆ. ಬಾಗಿಲು ತೆರೆದಾಗ ಅವರ ಬೆರಳ ತುದಿಯಲ್ಲಿ ಕಂದು ಬಣ್ಣ ಮೆತ್ತಿತ್ತು. ಅವನು ತಿದ್ದಿದ ಕುತ್ತಿಗೆಯನ್ನು ನೋಡಿ ಇನ್ನೊಂದು ಹಾಳೆಯ ಮೇಲೆ ಕಲಿಯುತ್ತಿದ್ದರಂತೆ.

"ಏನು ಮರೆತ್ರಿ ಅಣ್ಣ?"

"ಡಾಕ್ಟರೇ," ಎಂದ ಅವನು. "ನಿಮ್ಮ ಕುತ್ತಿಗೆ ಸರಿಯಾಗೇ ಇತ್ತು. ಅದು ಗೊತ್ತಿದ್ದೇ ನಾನು ಕೆಡಿಸಿದೆ. ನೋಡಿ ತಡ್ಕೊಳ್ಳೋಕೆ ಆಗ್ಲಿಲ್ಲ. ಒಂದು ಹಳೇ ಬಟ್ಟೆ ಕೊಡಿ."

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖದ ನಗು ಇಳಿಯಿತು. ತಿರುಗಿ ಅತ್ತಿಗೆಯನ್ನು ನೋಡಿದರು, ಅವಳು ಚಪ್ಪಲಿ ಬಿಡುವುದರಲ್ಲಿ ಮುಳುಗಿದ್ದಳು.

"ಚೆನ್ನಾಗಿದ್ದ ಹಲ್ಲನ್ನೇ ಕಿತ್ತುಬಿಟ್ರಾ ಅಣ್ಣ?" ಎಂದರು. ತಮಾಷೆಗೆ ಹೇಳಿದ ಹಾಗಿರಲಿಲ್ಲ. ಒಳಗೆ ಹೋಗಿ ಹಳೇ ಬನಿಯನ್ನಿನ ತುಂಡು ತಂದುಕೊಟ್ಟು, ಕೈಕಟ್ಟಿ ಪಕ್ಕದಲ್ಲೇ ನಿಂತರು.

ಅವನು ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿ, ಚಿತ್ರದ ಮುಂದೆ ಕೂತ. ಮೊದಲು ಹೋದದ್ದು ದವಡೆಯ ಕೆಳಗಿನ ಆ ನಯವಾದ ನೆರಳು. ಆಮೇಲೆ ಒಂದೊಂದಾಗಿ ಡಾಕ್ಟರ ಗೀಟುಗಳು ಮೇಲೆ ಬಂದವು. ಮಧ್ಯಾಹ್ನ ಕಂಡದ್ದಕ್ಕಿಂತಲೂ ಚೆನ್ನಾಗಿದ್ದವು. ಹೊಟ್ಟೆ ಮತ್ತೆ ಉರಿಯತೊಡಗಿತು, ಆಗಿನಷ್ಟೇ, ಒಂದು ಚೂರೂ ಕಡಿಮೆಯಿಲ್ಲ. ಕಿವಿಯ ಹತ್ತಿರ ಅವನ ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ಬಟ್ಟೆಯನ್ನು ತಿರುಗಿಸಿ ಕೊಳೆಯಾಗದ ಒಂದು ಮೂಲೆ ಹುಡುಕಿ, ಅದನ್ನೂ ಮೆಲ್ಲಗೆ ಒರೆಸಿದ.