ಮೊದಲು ಬಿಚ್ಚುವ ಸೀರೆ

ನಾನು ಒಂದು ಇಳಕಲ್ ಸೀರೆ. ಅಂಬವ್ವನ ಮಗ್ಗದಲ್ಲಿ ಹುಟ್ಟಿದವಳು. ಬಣ್ಣ ಹಾಕುವವನ ಕೈ ತಪ್ಪಿ ನನ್ನ ಒಡಲು ಹಸಿರೂ ಆಗದೆ, ಹಳದಿಯೂ ಆಗದೆ, ಹಣ್ಣಾದ ಬೇವಿನೆಲೆಯಂತಾಯಿತು. ಅಂಬವ್ವ ಮಾತ್ರ ಸೆರಗು ಸವರಿ, "ಯಾರ ಪಾಲಿಗೆ ಅದೀಯೋ, ಹೋಗವ್ವಾ" ಎಂದು ಮಡಚಿಟ್ಟಳು.

ನಾನು ಹೋಗಿ ಸೇರಿದ್ದು ಹುಬ್ಬಳ್ಳಿಯ ಒಂದು ಸೀರೆ ಅಂಗಡಿಗೆ. ಅಲ್ಲಿ ಸೀರೆ ತೋರಿಸುವ ಗುರುಶಾಂತಪ್ಪ, ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಅವಳ ಮನಸ್ಸು ಓದಿಬಿಡುತ್ತಿದ್ದ. ಮದುವೆಯ ಸಡಗರವೋ, ಗಂಡನ ಮೇಲಿನ ಸಿಟ್ಟೋ, ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚೋ, ಅವನಿಗೆ ಗೊತ್ತಾಗುತ್ತಿತ್ತು. ಯಾರೇ ಬರಲಿ, ಅವನು ಮೊದಲು ಬಿಚ್ಚುತ್ತಿದ್ದದ್ದು ನನ್ನನ್ನು. ಬಂದವಳು ಮುಖ ಕಿವುಚುತ್ತಿದ್ದಳು.

"ಖರೇ ಐತ್ರಿ ಅಕ್ಕಾರ, ಇದು ನಿಮಗ ಒಪ್ಪಂಗಿಲ್ಲ" ಎಂದು ಅವನೇ ನನ್ನನ್ನು ಬದಿಗೆ ಸರಿಸುತ್ತಿದ್ದ. ಇವನು ಸುಳ್ಳು ಹೇಳುವವನಲ್ಲ ಎಂದು ಅವಳಿಗೆ ನಂಬಿಕೆ ಬಂದುಬಿಡುತ್ತಿತ್ತು. ಆಮೇಲೆ ಬಿಚ್ಚಿದ ಸೀರೆ ಅವಳ ಚೀಲ ಸೇರುತ್ತಿತ್ತು.

ಮೂರು ವರ್ಷ ಇದೇ ನಡೆಯಿತು. ಆ ಎರಡನೆಯ ಸೀರೆಗಳನ್ನು ಕಂಡರೆ ನನ್ನ ಎಳೆ ಎಳೆಯೂ ಉರಿಯುತ್ತಿತ್ತು. ನಿನ್ನೆ ಕಪಾಟು ಸೇರಿದವಳು ಇವತ್ತು ಹೊರಟೇಬಿಡುತ್ತಿದ್ದಳು. ಒಮ್ಮೆ ದಾಳಿಂಬೆ ಬಣ್ಣದವಳೊಬ್ಬಳು ನನ್ನ ಮೈಮೇಲೆಯೇ ಹರಡಿಕೊಂಡು ಮಾರಾಟವಾದಳು. ಮೊದಲ ಒಗೆತಕ್ಕೇ ಅವಳ ಬಣ್ಣ ಬಿಡಲಿ ಎಂದು ಶಪಿಸಿದೆ.

ಒಂದು ಮಧ್ಯಾಹ್ನ ಕಸ್ತೂರಿ ಎಂಬ ಅಂಗನವಾಡಿ ಟೀಚರು ಒಬ್ಬಳೇ ಬಂದಳು. ಗುರುಶಾಂತಪ್ಪ ವಾಡಿಕೆಯಂತೆ ನನ್ನನ್ನು ಬಿಚ್ಚಿದ.

"ಇದನ್ನ ಕೊಡ್ರಿ" ಎಂದಳು.

ಅವನು ತಬ್ಬಿಬ್ಬಾದ. "ಇನ್ನೂ ಛಲೋವು ಅದಾವ್ರಿ, ನೋಡ್ರೆಲಾ."

"ಛಲೋವು ಬ್ಯಾಡ್ರಿ. ನಾ ಛಲೋದು ಉಟ್ರ ನಮ್ಮಕ್ಕ ಬಿಡಂಗಿಲ್ಲ. ಒಂದಿನ ಉಡ್ತೀನಿ ಕೊಡು ಅಂತಾಳ, ಹೊಳ್ಳಿ ಬರಂಗಿಲ್ಲ. ಇದನ್ನ ಯಾರ್ ಕೇಳ್ತಾರ?"

ಕೊನೆಗೂ ನನಗೊಂದು ಮನೆ ಸಿಕ್ಕಿತು, ಆದರೆ ಯಾರೂ ಕೇಳದವಳೆಂಬ ಕಾರಣಕ್ಕೆ! ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಅಕ್ಕ ಅನಸೂಯಾಳ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕಸ್ತೂರಿ ನನ್ನನ್ನು ಉಟ್ಟಳು. ಈ ಸಲ ಕಳೆದುಕೊಳ್ಳುವ ಭಯವಿರಲಿಲ್ಲ. ಸೆರಗು ಬಿಟ್ಟುಕೊಂಡು ನಗುತ್ತ ಓಡಾಡಿದಳು. ಅನಸೂಯಾ ಬಂದು ನನ್ನ ಅಂಚು ಹಿಡಿದಳು.

"ಎಲ್ಲಿ ತಗೊಂಡೆವ್ವ ಇದನ್ನ? ನನಗೊಂದಿನ ಕೊಡು."

ಕಸ್ತೂರಿಯ ನಗು ನಿಂತಿತು. ಅವಳ ಬೆರಳುಗಳು ನನ್ನ ನೆರಿಗೆಯನ್ನು ಬಿಗಿಯಾಗಿ ಹಿಡಿದುಕೊಂಡವು.

"ಕೊಡಂಗಿಲ್ಲಕ್ಕಾ" ಎಂದಳು.

ಹುಟ್ಟಿದಾಗಿನಿಂದ ಅಕ್ಕನಿಗೆ ಅವಳು ಇಲ್ಲವೆಂದದ್ದು ಅದೇ ಮೊದಲು. ಅನಸೂಯಾ ಎರಡು ತಿಂಗಳು ಮಾತು ಬಿಟ್ಟಳು. ನಾನೋ, ಅಂತೂ ನನ್ನ ಮೇಲೂ ಒಬ್ಬಳ ಕಣ್ಣು ಬಿತ್ತಲ್ಲ ಎಂದು ಬೀಗಿದೆ.

ಹದಿನಾರು ವರ್ಷ ಉಟ್ಟಮೇಲೆ ಮಡಿಕೆಗಳಲ್ಲೇ ಹರಿದೆ. ಈಗ ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿ ಹೊದಿಕೆಯ ಒಂದು ತುಂಡು. ಕಸ್ತೂರಿ ಹೊಲಿಯುವಾಗ ಅನಸೂಯಾ ಕೂಡ ಸೂಜಿ ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಈ ಬಣ್ಣ ನನಗ ಆವತ್ತೂ ಸೇರಿದ್ದಿಲ್ಲ ನೋಡು" ಎಂದಳು.

"ಮತ್ಯಾಕ ಕೇಳಿದ್ದಿ?"

ಅನಸೂಯಾ ದಾರ ಕಡಿದಳು. "ಅದನ್ನ ಉಟ್ಟಾಗ ನಿನ್ನ ಮಾರಿ ಹಂಗ ಅರಳಿತ್ತಲ್ಲ, ಅದಕ್ಕ."

ಗುರುಶಾಂತಪ್ಪನ ಗಿರಾಕಿಗಳೂ ಆ ಎರಡನೆಯ ಸೀರೆಗಳನ್ನು ಕೊಂಡು ಹೋದದ್ದು ಇಂಥ ಒಂದು ಮುಖಕ್ಕಾಗಿಯೇ ಇರಬೇಕು. ಅವುಗಳನ್ನು ಕಂಡು ನಾನು ಸುಮ್ಮನೆ ಉರಿದೆ. ಅನಸೂಯಾಳ ಕಣ್ಣು ಬಿದ್ದದ್ದು ನನ್ನ ಮೇಲಲ್ಲ, ಕಸ್ತೂರಿಯ ಮುಖದ ಮೇಲೆ. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಆ ಮುಖದ ಮೇಲೆಯೇ. ಚಳಿಗೆ ಅವಳು ನನ್ನನ್ನು ಗಲ್ಲದವರೆಗೆ ಎಳೆದುಕೊಂಡಾಗ, ಅದೂ ಸ್ವಲ್ಪ ಆರುತ್ತದೆ.