ಸ್ಪಂಜಿನ ಟರ್ಬೊ

ರೇಸ್ ಕಾರಿನ ಎಂಜಿನ್ನಿಗೆ ಗಾಳಿ ತುಂಬಿ ಜೋರು ಕೊಡೋ ಟರ್ಬೊ ಎಲ್ಲಿಡಬೇಕು ಅನ್ನೋ ವಿಷಯಕ್ಕೆ ಆ ಗ್ಯಾರೇಜಲ್ಲಿ ಮಾಮನೂ ಪುಟ್ಟಿಯೂ ಮಾತು ಬಿಡೋದೊಂದೇ ಬಾಕಿ ಇತ್ತು. ಪುಟ್ಟಿ ಅಂದ್ರೆ ಮಾಮನ ಅಕ್ಕನ ಮಗಳು. ಕಾಲೇಜು ಬಿಟ್ಟ ತಕ್ಷಣ ಬ್ಯಾಗು ಬಿಸಾಕಿ ಇಲ್ಲಿಗೇ ಓಡಿಬರೋಳು.

"ರೇಡಿಯೇಟರ್ ಪಕ್ಕ ಇಡೋಣ ಕಣೇ. ಬಾನೆಟ್ ಎತ್ತಿದ್ರೆ ನೋಡಿದವರು ಬಾಯಿ ಬಿಡಬೇಕು," ಅಂತ ಮಾಮ.

"ನಾವೇನು ಶೋಕೇಸ್ ಕಟ್ತಿದೀವಾ? ಟರ್ಬೊ ತಿರುಗೋದು ಎಂಜಿನ್ ಬಿಡೋ ಹೊಗೆಯಿಂದ. ಅಷ್ಟುದ್ದ ಪೈಪ್ ಸುತ್ತಿ ಬರೋಷ್ಟರಲ್ಲಿ ಆ ಹೊಗೆಗೇ ಸುಸ್ತಾಗಿರತ್ತೆ. ಎಂಜಿನ್ ಹಿಂದೆ ಇಡಿ ಮಾಮ, ಆಯಿಲ್ ಕೂಡ ತಾನಾಗೇ ಕೆಳಗಿಳಿಯತ್ತೆ."

"ಆಯ್ತು ಮಹಾರಾಯ್ತಿ. ಅಲ್ಲಿ ಕೂರಿಸಿ ತೋರಿಸು. ಕೂತ್ರೆ ರೇಸಲ್ಲಿ ಸ್ಟೀರಿಂಗ್ ನಿಂದೇ."

ಪುಟ್ಟಿಗೆ ಬೇಕಾಗಿದ್ದೂ ಅದೇ. ಗುಡ್ಡದ ರೇಸಲ್ಲಿ ಈ ಕಾರು ಓಡಿಸಬೇಕು ಅಂತ ಅವಳು ನಿದ್ದೆಯಲ್ಲೂ ಗೇರ್ ಹಾಕ್ತಿದ್ಳು.

ಅಸಲಿ ಟರ್ಬೊ ಇನ್ನೂ ಬಂದಿರಲಿಲ್ಲ. ಹಾಗಂತ ಕೈಕಟ್ಟಿ ಕೂರೋ ಜನವಾ ಇವರು? ಮಾಮನ ಹೆಂಡ್ತಿ, ಅಂದ್ರೆ ಅತ್ತೆ, ಗ್ಯಾರೇಜಿನ ಮೂಲೆಯಲ್ಲೇ ಸೀಟ್ ಕವರ್ ಹೊಲಿಯೋರು. ಅಳತೆ ಕೇಳ್ಕೊಂಡು, ಸ್ಪಂಜು ಕತ್ತರಿಸಿ, ರೆಕ್ಸಿನ್ ಸುತ್ತಿ, ಬಸವನಹುಳು ಥರದ ಟರ್ಬೊ ಒಂದನ್ನ ಹೊಲಿದೇಬಿಟ್ರು. ಅಂಚಿಗೆ ಕೆಂಪು ಪಟ್ಟಿ ಬೇರೆ!

ಅದನ್ನ ಎಂಜಿನ್ ಹಿಂದೆ ತುರುಕಿದ್ರೆ, ಆಹಾ, ಅಳತೆ ಕೊಟ್ಟು ಹೊಲಿಸಿದ ಅಂಗಿ ಹಾಗೆ ಕೂತುಬಿಡ್ತು. ಮಾಮ ಸೋಲೊಪ್ಪಿಕೊಂಡ್ರು. ಪುಟ್ಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಅಸಲಿ ಬಂತು. ಸ್ಪಂಜು ಅದುಮಿದಷ್ಟೂ ಒಳಗೋಗತ್ತೆ, ಕಬ್ಬಿಣಕ್ಕೆ ಆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ನಾಲ್ಕು ಬೆರಳಷ್ಟು ಜಾಗ ಸಾಲಲಿಲ್ಲ. ಇಷ್ಟು ದಿನ ಮೂರೂ ಜನ ಸೇರಿ ದಿಂಬಿಗೆ ಜಾಗ ಹುಡುಕಿದ್ರು.

"ನಾನು ಹೊಲಿದಿದ್ದು ಸರಿಯಾಗೇ ಇದೆಯಪ್ಪ," ಅತ್ತೆ ಸೂಜಿ ಬಾಯಲ್ಲಿಟ್ಕೊಂಡೇ ಅಂದ್ರು. "ನೀವು ತುರುಕಿದ ಜೋರಿಗೆ ಪಾಪ ಅದಕ್ಕೆ ಉಸಿರುಕಟ್ಟಿರಬೇಕು."

ಪುಟ್ಟಿ ಸೋಲೋಳಲ್ಲ. ಎಂಜಿನ್ನಿಗೂ ಕಾಲಿಡೋ ಜಾಗಕ್ಕೂ ನಡುವೆ ಇರೋ ತಗಡಿನ ಗೋಡೆ ಕತ್ತರಿಸಿ ಒಳಗೆ ಸರಿಸೋಣ, ಪೆಡಲ್ ಹಿಂದಕ್ಕೆ ತರೋಣ ಅಂದ್ಳು. ಸೀಮೆಸುಣ್ಣದಲ್ಲಿ ಗೆರೆ ಎಳೆದ್ಳು. ಹೊಸ ಪೆಡಲ್ ಬರೋ ಕಡೆ ಒಂದು ಹಲಗೆ ನಿಲ್ಲಿಸಿ, ಡ್ರೈವರ್ ಸೀಟಲ್ಲಿ ಕೂತ್ಳು.

ಮೊಣಕಾಲು ಎರಡೂ ಸ್ಟೀರಿಂಗಿಗೆ ಹೋಗಿ ಸಿಕ್ಕಿಹಾಕ್ಕೊಂಡ್ವು. ಹೆಸರಿಗೆ ಪುಟ್ಟಿ, ಎತ್ತರದಲ್ಲಿ ಬಾಗಿಲ ಚೌಕಟ್ಟು. ಸೀಟು ಹಿಂದೆ ತಳ್ಳೋಣ ಅಂದ್ರೆ ಕಾರು ಮಗುಚಿದ್ರೂ ತಲೆ ಉಳೀಲಿ ಅಂತ ರೇಸಿಗೆ ಹಾಕಿದ ಕಬ್ಬಿಣದ ಪೈಪು ಅಡ್ಡ. ಮಾಮನೂ ಕೂತು ನೋಡಿದ್ರು, ಹೊಟ್ಟೆ ಒಪ್ಪಲಿಲ್ಲ.

"ಸರೀರಿ," ಅಂತ ಅತ್ತೆ ಹತ್ತಿ ಕೂತ್ರು. ಕಾಲು ಹಲಗೆಗೆ ಸರಿಯಾಗಿ ಸಿಕ್ತು, ಕೈ ಸ್ಟೀರಿಂಗಿಗೆ. ಕನ್ನಡಿ ಕೂಡ ತಿರುಗಿಸಿಕೊಂಡ್ರು.

ಪುಟ್ಟಿ ಗಂಟಲು ಸರಿಮಾಡ್ಕೊಂಡ್ಳು. "ಮಾಮ, ಯೋಚಿಸಿದ್ರೆ, ರೇಡಿಯೇಟರ್ ಪಕ್ಕನೂ ಅಷ್ಟೇನೂ ಕೆಟ್ಟ ಜಾಗ ಅಲ್ಲ. ಗಾಳಿ ಚೆನ್ನಾಗಿ ಬರತ್ತೆ."

"ಗಾಳಿನಾ? ಅಷ್ಟುದ್ದ ಪೈಪ್ ಸುತ್ತಿ ಹೊಗೆಗೆ ಸುಸ್ತಾಗಲ್ವೇನೆ?"

"ಸ್ವಲ್ಪ ಸುಸ್ತಾದ್ರೆ ಏನಾಯ್ತು..."

"ನಾವೇನು ಶೋಕೇಸ್ ಕಟ್ತಿದೀವಾ?" ಅಂದ್ರು ಮಾಮ. ಹೊಸದಾಗಿ ಭಕ್ತರಾದೋರ ಉತ್ಸಾಹ.

"ಅತ್ತೆ, ನಿಮಗೆ ಲೈಸೆನ್ಸ್ ಇದೆಯಾ?" ಪುಟ್ಟಿಯ ಕೊನೇ ಆಸೆ.

"ನೀನು ಹುಟ್ಟೋಕ್ ಮುಂಚೆಯಿಂದ ಇದೆ. ಇದರಲ್ಲಿ ಎರಡನೇ ಗೇರ್ ಯಾವ ಕಡೆ?"

ಮಾಮ ಕತ್ತರಿಸೋ ಗ್ರೈಂಡರನ್ನ ಪುಟ್ಟಿ ಕೈಗೇ ಕೊಟ್ರು. "ಗೆರೆ ನಿಂದು, ನೀನೇ ಕತ್ತರಿಸು. ಕತ್ತರಿಸಿದ್ಮೇಲೆ ಸ್ಟೀರಿಂಗ್ ನಿಮ್ಮತ್ತೇದು. ಬೇಡ ಅಂದ್ರೆ ಈಗಲೇ ಹೇಳು."

ಪುಟ್ಟಿ ಬಗ್ಗಿ ನೋಡಿದ್ಳು. ಹೊಗೆ ಪೈಪು ಗೇಣುದ್ದ ಸಾಕು, ಆಯಿಲ್‌ಗೆ ನೆಟ್ಟಗೆ ಇಳಿಜಾರು. ಅಂಥ ಜಾಗ ಬಿಡೋಕೆ ಹೊಟ್ಟೆ ಉರೀತು. ಅತ್ತೇನ ನೋಡಿದ್ರೆ ಇನ್ನೂ ಜಾಸ್ತಿ ಉರೀತು.

"ಅಲ್ಲಿಂದ ಇಳೀರಿ ಅತ್ತೆ, ಕಿಡಿ ಹಾರತ್ತೆ," ಅಂತ ಹೇಳಿ ಗೆರೆ ಮೇಲೇ ಗ್ರೈಂಡರ್ ಇಟ್ಳು.