ಅಪ್ಪನ ತಲೆಗೆ ನೀರು

ನರ್ಸಿಂಗ್ ಮತ್ತು ಮನಃಶಾಸ್ತ್ರ ಎರಡನ್ನೂ ಒಟ್ಟಿಗೆ ಕಲಿಸುವ ಪದವಿಗೆ ಸೇರಿದಾಗ ನನಗೆ ನಲವತ್ತು ದಾಟಿತ್ತು. ತಂಗಿ ಪೇಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಒಂದು ಕಲಿಯೋಕೇ ತಲೆ ಓಡದ ವಯಸ್ಸಲ್ಲಿ ಎರಡೆರಡಾ ಅಕ್ಕಾ? ಕುಂಡಿ ಒರೆಸ್ತಾ ಒರೆಸ್ತಾನೇ, ನಿಮ್ಮ ಮನಸ್ಸಿಗೆ ಏನನ್ನಿಸ್ತಿದೆ ಅಂತ ಕೇಳ್ತೀಯಾ?"

ನಾವು ವಲಸೆ ಬಂದು ನೆಲೆಸಿದ ಮೌಂಟ್ ಡ್ರೂಯಿಟ್‌ನಲ್ಲಿ, ಟೊಂಗಾ ದ್ವೀಪದ ನಮ್ಮ ಜನರ ಚರ್ಚಿನ ಹೆಂಗಸರು ಆ ಮಾತನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಎದುರು ಸಿಕ್ಕಾಗಲೆಲ್ಲ, "ಸುಲಿಯೇತಿ, ನನ್ನ ಮಂಡಿ ನೋಯ್ತಿದೆ, ಮನಸ್ಸೂ ನೋಯ್ತಿದೆ, ಒಂದೇ ಫೀಸಿಗೆ ನೋಡ್ತೀಯಾ?" ಎನ್ನುವರು.

ತಮಾಷೆಯೊಳಗೆ ನಿಜವೂ ಇತ್ತು. ಎರಡು ಓದುಗಳು ನನ್ನನ್ನು ಎರಡು ಕಡೆಗೆ ಎಳೆಯುತ್ತಿದ್ದವು. ಮನಃಶಾಸ್ತ್ರದ ತರಗತಿಯಲ್ಲಿ ಇಬ್ಬಿಬ್ಬರು ಎದುರು ಬದುರು ಕೂತು, ಒಬ್ಬರ ಸಂಕಟವನ್ನು ಇನ್ನೊಬ್ಬರು ಕೇಳುವ ಅಭ್ಯಾಸ ಮಾಡಬೇಕಿತ್ತು. ಎದುರಿನ ಹುಡುಗಿಯ ಕಣ್ಣು ತುಂಬಿದ್ದೇ ತಡ, ನನ್ನ ಕೈ ಟಿಶ್ಯೂ ಎಳೆದು ಅವಳ ಮೂಗಿನ ಹತ್ತಿರ ಹಿಡಿದಿತ್ತು.

"ಯಾಕೆ ಕೊಟ್ಟೆ?" ಎಂದರು ಪಾಠ ಹೇಳುವ ಹ್ಯಾರಿಯೆಟ್ ಮೇಡಂ.

"ಮೂಗು ಸೋರ್ತಿತ್ತಲ್ಲ ಮೇಡಂ."

"ಸೋರಲಿ. ನೀನು ಹಾಗೆ ಚಾಚಿದ್ರೆ, ಸಾಕು ಅಳು ನಿಲ್ಸು ಅಂದ ಹಾಗೆ. ಡಬ್ಬಿ ಅವಳ ಕೈಗೆ ಸಿಗೋ ಕಡೆ ಇಡು. ನಿನ್ನ ಕೈ ನಿನ್ನ ತೊಡೆ ಮೇಲಿರ್ಲಿ."

ವಾರ್ಡಿನಲ್ಲಿ ತರಬೇತಿಗೆ ಹೋದರೆ ಇದರ ತದ್ವಿರುದ್ಧ. ಕಿಟಕಿ ಪಕ್ಕದ ಹಾಸಿಗೆಯ ಮುದುಕಿಯ ಮದುವೆಯ ಕಥೆ ಕೇಳುತ್ತ ನಾನು ತೊಡೆಯ ಮೇಲೆ ಕೈಯಿಟ್ಟು ಕೂತಿದ್ದರೆ ಹಿರಿಯ ನರ್ಸ್ ಬಾಗಿಲಲ್ಲೇ ನಿಂತು, "ಆ ಗಂಡ ಸಾಯೋವರೆಗೂ ಬೆಡ್‌ಪ್ಯಾನ್ ಕಾಯುತ್ತಾ ತಾಯಿ?" ಎನ್ನುವಳು. ಹೀಗೆ ಒಂದು ಕಡೆ ಕೈ ಹೆಚ್ಚಾಯಿತು, ಇನ್ನೊಂದು ಕಡೆ ಕಿವಿ ಹೆಚ್ಚಾಯಿತು ಎಂದು ಬೈಸಿಕೊಂಡೇ ಕೊನೆಯ ವರ್ಷಕ್ಕೆ ಬಂದೆ.

ಆ ವರ್ಷವೇ ಅಮ್ಮ ತೀರಿಕೊಂಡಳು. ಬೆಳಿಗ್ಗೆ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದವಳು ಆಸ್ಪತ್ರೆ ಮುಟ್ಟಲಿಲ್ಲ.

ಅಪ್ಪನಿಗೆ ಮೊದಲೇ ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು. ಅವರನ್ನು ನೋಡಿಕೊಳ್ಳಲು ಡೆಬ್ ಎಂಬ ಬಿಳಿಯ ಹೆಂಗಸು ಬರುತ್ತಿದ್ದಳು. ಒಳ್ಳೆಯವಳು, ದೊಡ್ಡ ಬಾಯಿಯವಳು. ಅಮ್ಮನಿದ್ದಾಗಲೇ ಅಪ್ಪ ಅವಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು: ಕತ್ತಿನವರೆಗೆ ಡೆಬ್, ಅದರ ಮೇಲೆ ಲವಿನಿಯಾ. ಪ್ರತಿ ಶನಿವಾರ ನನ್ನಮ್ಮ ಲವಿನಿಯಾ ಅವರ ತಲೆ ತೊಳೆದು, ತಾನೇ ಹೂವು ಹಾಕಿ ಬಿಸಿಲಿಗಿಟ್ಟು ಮಾಡಿದ ಕೊಬ್ಬರಿ ಎಣ್ಣೆ ಹಚ್ಚಿ, ಭಾನುವಾರದ ಚರ್ಚಿಗೆ ಸಿದ್ಧ ಮಾಡುತ್ತಿದ್ದಳು. ಚರ್ಚಿನ ಹಾಡುಗಾರರ ಮುಂದೆ ಅಪ್ಪ ನಿಂತು ಎಡಗೈ ಬೀಸಿದರೆ ಆ ಬಿಳಿ ಗುಂಗುರು ಕೂದಲೂ ತಾಳ ಹಾಕುತ್ತಿತ್ತು. ಅವರ ಜಂಬವೆಲ್ಲ ಆ ಕೂದಲಲ್ಲೇ ಇತ್ತು.

ಅಮ್ಮ ಹೋದ ಮೇಲೆ ಅಪ್ಪ ತಲೆಗೆ ನೀರು ಬೀಳಲು ಬಿಡಲಿಲ್ಲ. ಡೆಬ್ ಬಂದರೆ ತಲೆಗೆ ಟವೆಲ್ ಸುತ್ತಿಕೊಳ್ಳುವರು. ಎರಡು ತಿಂಗಳಲ್ಲಿ ನೆತ್ತಿಯಲ್ಲಿ ಹುಣ್ಣಾಗಿ, ಕೀವು ಕಟ್ಟಿ, ಕೂದಲು ದಿಂಬಿಗೆ ಅಂಟಿಕೊಳ್ಳತೊಡಗಿತು. ಡಾಕ್ಟರು ನೋಡಿ ಖಂಡಿತವಾಗಿ ಹೇಳಿದರು: ಈ ವಾರ ತೊಳೆದು ಮುಲಾಮು ಹಚ್ಚದಿದ್ದರೆ ಸೋಮವಾರ ಆಸ್ಪತ್ರೆಗೆ ಸೇರಿಸಿ ತಲೆ ಬೋಳಿಸುತ್ತೇವೆ.

"ಬೋಳಿಸಿದ್ರೆ ಅಪ್ಪ ಆಮೇಲೆ ಚರ್ಚಿಗೆ ಹೋಗಲ್ಲ," ಎಂದಳು ಪೇಸಿ. "ಹಾಸಿಗೆಯಿಂದ್ಲೇ ಏಳಲ್ಲ ನೋಡ್ತಿರು. ನೀನು ಇಡೀ ಊರಿನ ತಲೆ ತೊಳೀತೀಯ, ಇದೊಂದು ತಲೆ…"

ಉಳಿದದ್ದು ಇಬ್ಬರಿಗೂ ಗೊತ್ತಿತ್ತು. ನಮ್ಮಲ್ಲಿ ಮಕ್ಕಳು ಅಪ್ಪನ ತಲೆ ಮುಟ್ಟುವುದಿಲ್ಲ. ಚಿಕ್ಕವಳಿದ್ದಾಗ ಆಟದಲ್ಲಿ ಅವರ ಹೆಗಲೇರಲು ಹೋಗಿ ಅಜ್ಜಿಯಿಂದ ತಿಂದ ಪೆಟ್ಟು ನನ್ನ ಕೈಗೆ ಇನ್ನೂ ನೆನಪಿದೆ.

ನಾನು ಯೋಚಿಸಿದೆ. ಡೆಬ್ ಹೊರಗಿನವಳು, ಅವಳೆದುರು ಸಂಕೋಚ. ನಾನು ಮಗಳು, ತಲೆ ಮುಟ್ಟಬಾರದೆಂಬ ಕಟ್ಟು ನನಗೆ. ಹಾಗಾದರೆ ಮಗಳೂ ಅಲ್ಲದ, ಹೊರಗಿನವಳೂ ಅಲ್ಲದ ಒಬ್ಬಳು ಬೇಕು. ಶುಕ್ರವಾರ ಸಮವಸ್ತ್ರ ತೊಟ್ಟು, ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿ, ಕೈಗವಸು ಹಾಕಿ, ಬೋಗುಣಿ ಹಿಡಿದು ನನ್ನದೇ ತವರಿನ ಬಾಗಿಲು ತಟ್ಟಿ ಒಳಗೆ ಹೋದೆ.

"ನಮಸ್ಕಾರ. ನಾನು ಇವತ್ತಿನ ನರ್ಸ್," ಎಂದೆ.

ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೌದಾ? ನಿಮ್ಮ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ ನರ್ಸಮ್ಮ. ನಿಮ್ಮ ತಂದೆ ಹೆಸರು ಸತೇಕಿ ಅಂತಲಾ?"

"ಅಪ್ಪಾ…"

"ಬಟ್ಟೆ ಬದಲಾಯಿಸಿದ್ರೆ ಹುಟ್ಟು ಬದಲಾಗತ್ತೇನೇ ದಡ್ಡಿ? ಬೋಗುಣಿ ಕೆಳಗಿಡು. ನೀರು ಚೆಲ್ತಿದೆ."

ಬೋಗುಣಿ ಕೆಳಗಿಟ್ಟೆ. ಕೈಗವಸು ಕಿತ್ತು ಅವರ ಎದುರಿನ ಚಾಪೆಯ ಮೇಲೆ ಕೂತೆ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಕೈಗಳು ತಾವಾಗಿಯೇ ತೊಡೆಯ ಮೇಲೆ ಬಂದು ಕೂತವು. ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಗುರುಗುಟ್ಟಿ ನಿಂತಿತು. ಅಪ್ಪ ಅಮ್ಮನ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಕೆಳತುಟಿ ಅದುರಿತು.

ಟಿಶ್ಯೂ ಡಬ್ಬಿ ನನ್ನ ಬಲಕ್ಕೇ ಇತ್ತು. ಅದನ್ನು ಅವರ ಎಡಗೈಯ ಕಡೆಗೆ ಮೆಲ್ಲಗೆ ಸರಿಸಿ, ಕೈಯನ್ನು ಮತ್ತೆ ತೊಡೆಗೆ ತಂದೆ. ನನ್ನ ಅಪ್ಪ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಮ್ಮನನ್ನು ಮಣ್ಣಿಗಿಟ್ಟ ದಿನವೂ ಅವರು ಹಾಡಿಸುತ್ತಲೇ ನಿಂತಿದ್ದರು. ಮೂಗು ಸೋರಿ ಗಡ್ಡಕ್ಕಿಳಿಯಿತು. ಒರೆಸಲು ನನ್ನ ಬೆರಳುಗಳು ಒಂದರೊಳಗೊಂದು ಹೆಣೆದುಕೊಂಡು ಒದ್ದಾಡಿದವು.

"ಆ ಬೆಳಿಗ್ಗೆ ಎಣ್ಣೆ ಹಚ್ಚಿದ್ಲು," ಎಂದರು ಅಪ್ಪ ಕೊನೆಗೆ. "ಶನಿವಾರ ಅಲ್ಲ, ಬುಧವಾರ. ಸುಮ್ನೆ. 'ಏ ಮುದುಕಾ, ತಲೆ ತೆಂಗಿನ ನಾರಿನ ಹಾಗಾಗಿದೆ, ಬಗ್ಗು' ಅಂದ್ಲು. ಹಚ್ಚಿ, ಅದೇ ಕೈ ತೊಳ್ಕೊಳೋಕೆ ಅಂತ ಅಡುಗೆಮನೆಗೆ ಹೋದ್ಲು."

ಅವರ ಎಡಗೈ ನೆತ್ತಿಯವರೆಗೆ ಹೋಗಿ ಮುಟ್ಟದೆ ಕೆಳಗಿಳಿಯಿತು.

"ತೊಳೆದ್ರೆ ಹೋಗತ್ತಲ್ಲೇ ಸುಲಿಯೇತಿ."

ಎರಡು ತಿಂಗಳಿಂದ ನಾವೆಲ್ಲ ಕಟ್ಟು, ಸಂಕೋಚ, ಹಟ ಎಂದು ಕರೆದದ್ದು ಇದನ್ನು. ಹತ್ತು ಸಮಾಧಾನದ ಮಾತುಗಳು ಬಾಯಿಗೆ ಬಂದವು, ನುಂಗಿಕೊಂಡೆ. ಅವರು ಟಿಶ್ಯೂ ತಾವೇ ತೆಗೆದುಕೊಂಡು ಮೂಗು ಸೀಟಿದ ಮೇಲೆ ಕೇಳಿದೆ, "ಆ ಎಣ್ಣೆ ವಾಸನೆ ಇನ್ನೂ ಇದೆಯಾ ಅಪ್ಪ?"

ಅವರು ತಲೆಯಾಡಿಸಿದರು. "ಇಲ್ಲ. ಈಗ ಬರೀ ಹುಣ್ಣಿನ ವಾಸನೆ." ಆಮೇಲೆ ಎಂದರು, "ನಿಮ್ಮಮ್ಮ ನೋಡಿದ್ರೆ ಬೈತಿದ್ಲು."

"ಏನಂತ?"

"ನೀನೇ ಹೇಳು. ಅವಳ ಮಗಳಲ್ವಾ?"

ಅಪ್ಪನನ್ನು ಗದರುವುದೂ ನಮ್ಮಲ್ಲಿ ಇಲ್ಲ. ಆದರೆ ಅವರೇ ಕೇಳುತ್ತಿದ್ದರು. ನಾನು ಎದ್ದು ಕುರ್ಚಿಯನ್ನು ಬಚ್ಚಲಿಗೆ ಒಯ್ದೆ, ಅವರನ್ನು ತೋಳು ಹಿಡಿದು ನಡೆಸಿಕೊಂಡು ಹೋಗಿ ಕೂರಿಸಿದೆ. ಬೆಚ್ಚನೆ ನೀರಿನ ತಂಬಿಗೆ ನನ್ನ ಕೈಯಲ್ಲಿ, ಸೋಪು ಅವರ ಎಡಗೈಯಲ್ಲಿ. ತಂಬಿಗೆ ಎತ್ತಿ ಹಿಡಿದು, ನನ್ನ ಬೆರಳು ತಾಗದಂತೆ ನೀರು ಬಿಟ್ಟೆ. ನೀರು ಬಿದ್ದಾಗ ಅವರು ಕಣ್ಣು ಮುಚ್ಚಿ ಒಮ್ಮೆ ನರಳಿದರು. ತಂಬಿಗೆ ನಿಲ್ಲಿಸಿ ಕಾದೆ. "ಹಾಕು," ಎಂದರು.

ವಾರ್ಡಿನಲ್ಲಾಗಿದ್ದರೆ ಕ್ಷಣದಲ್ಲಿ ಮುಗಿಸುತ್ತಿದ್ದ ಕೆಲಸ. ಇಲ್ಲಿ ಅವರ ಎಡಗೈ ತಡವರಿಸುತ್ತ ಎಲ್ಲೆಲ್ಲೋ ಹೋಗುತ್ತಿತ್ತು.

"ಅಲ್ಲಲ್ಲ, ಕಿವಿ ಹಿಂದೆ. ಏ ಮುದುಕಾ, ಕಿವಿ ಹಿಂದೆ ಅಂದ್ರೆ ಕೇಳ್ಸಲ್ವಾ? ಕಿವೀಲಿ ಗೆಣಸು ಬೆಳೀತಿದ್ಯಾ?"

ನನ್ನ ಬಾಯಿಂದ ಅಮ್ಮನ ದನಿ ಬಂದದ್ದು ಕೇಳಿ ನಾನೇ ಬೆಚ್ಚಿದೆ. ಅಪ್ಪನ ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು.

"ಇನ್ನೂ ಜೋರಾಗಿ ಬೈತಿದ್ಲು."

"ಹುಣ್ಣಿನ ಮೇಲೆ ಮೆತ್ತಗೆ ಉಜ್ಜು, ಪಾತ್ರೆ ತಿಕ್ಕಿದ ಹಾಗಲ್ಲ! ಸೋಮಾರಿ!"

ಬಾಗಿಲಲ್ಲಿ ಬಂದು ನಿಂತ ಪೇಸಿ ಬಾಯಿಗೆ ಕೈ ಅಡ್ಡ ಹಿಡಿದಳು. "ಯೇಸಪ್ಪಾ, ಇವಳು ಅಪ್ಪನ್ನ ಮುದುಕ ಅಂತಿದಾಳೆ!"

"ನೀನು ಹೋಗಿ ದಿಂಬಿನ ಚೀಲ ತೆಗೆದಿಡು," ಎಂದೆ. "ಒಗೀಬೇಡ, ಅಮ್ಮ ಹಚ್ಚಿದ ಎಣ್ಣೆ ಅದ್ರಲ್ಲಿದೆ. ಹಾಗೇ ಮಡಿಸಿ ಅಮ್ಮನ ಪೆಟ್ಟಿಗೆಯಲ್ಲಿಡು."

ಅಪ್ಪ ತಿರುಗಿ ನನ್ನನ್ನು ನೋಡಿದರು.

ತಲೆ ಒರೆಸಿಕೊಂಡು, ಕನ್ನಡಿಯಲ್ಲಿ ನೋಡಿಕೊಳ್ಳುತ್ತ ನಾನು ಹೇಳಿದ ಜಾಗಗಳಿಗೆಲ್ಲ ಮುಲಾಮನ್ನು ಅವರೇ ಹಚ್ಚಿಕೊಂಡರು. ಪೇಸಿ ಪೆಟ್ಟಿಗೆಯಿಂದ ಅಮ್ಮನ ಎಣ್ಣೆಯ ಶೀಸೆಯನ್ನೂ ತಂದಿದ್ದಳು, ತಳದಲ್ಲಿ ಸ್ವಲ್ಪ ಉಳಿದಿತ್ತು.

"ಹುಣ್ಣು ಮಾಯೋವರೆಗೂ ಬೇಡ ಅಪ್ಪ," ಎಂದೆ. ಅದು ನರ್ಸಿನ ಮಾತು.

"ಗೊತ್ತು. ಒಂದು ತೊಟ್ಟು ಕೈಗೆ ಹಾಕು, ಮೂಸಿ ನೋಡ್ತೀನಿ."

ಅವರ ಅಂಗೈಗೆ ಬಿಟ್ಟೆ. ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಆ ಕೈಯನ್ನು ಎಲ್ಲಿ ಒರೆಸುವುದೆಂದು ಸುತ್ತ ನೋಡಿದರು. ಟವೆಲ್ ಚಾಚಲು ನನ್ನ ಕೈ ಏಳುತ್ತಿತ್ತು. ತಡೆದುಕೊಂಡೆ.

"ಬಗ್ಗು," ಎಂದರು ಅಪ್ಪ.

ಬಗ್ಗಿದೆ. ಅಪ್ಪ ಮಗಳ ತಲೆ ಮುಟ್ಟಬಹುದು, ಅದಕ್ಕೆ ಯಾವ ಕಟ್ಟೂ ಇಲ್ಲ. ಅವರು ಎಡಗೈಯಿಂದ ನನ್ನ ನೆತ್ತಿಗೆ ನಿಧಾನವಾಗಿ ಎಣ್ಣೆ ತಿಕ್ಕತೊಡಗಿದರು.

"ತೆಂಗಿನ ನಾರು," ಎಂದರು.